ನಿಲ್ಲುವಾಗ ನಡುಗುವ ಗಾಡಿ

ಓಡುವಾಗ ನಡುಗುವ ಕಾರು ಬೇರೆ, ನಿಲ್ಲಿಸಹೋದಾಗ ನಡುಗುವ ಕಾರು ಬೇರೆ. ಮೊದಲನೆಯದಕ್ಕೆ ಗಾಲಿಯ ತೂಕ ಸುತ್ತಲೂ ಸಮನಾಗಿಲ್ಲದಿರುವುದೋ ಟಯರು ಉಬ್ಬಿರುವುದೋ ಸಾಮಾನ್ಯವಾಗಿ ಕಾರಣ. ಎರಡನೆಯದರ ಮೂಲವನ್ನು ಬ್ರೇಕಿನಲ್ಲಿ, ಇಲ್ಲವೆ ಅದರ ನೆರೆಹೊರೆಯಲ್ಲಿ ಹುಡುಕಬೇಕು. ಈ ಭೇದವನ್ನು ಅರಿಯದೆ ‘ಗಾಡಿ ನಡುಗುತ್ತದೆ’ ಎಂದಷ್ಟೇ ಹೇಳುವವನು, ವೈದ್ಯನ ಮುಂದೆ ‘ಮೈ ಸರಿಯಿಲ್ಲ’ ಎಂದು ಸುಮ್ಮನಾಗುವ ರೋಗಿಯಂತೆ. ಕೊಟ್ಟ ಔಷಧವನ್ನು ನುಂಗಬೇಕಾಗುತ್ತದೆ.

ನಮ್ಮ ಕಾರು ಎರಡನೆಯ ಜಾತಿಯದು. ದೌಲತಾಬಾದಿನಿಂದ ಕೊಡಂಗಲ್ ಮಾರ್ಗವಾಗಿ ತಾಂಡೂರಿಗೆ ಹೋಗುವಾಗ ತೆರವಾದ ರಸ್ತೆಯಲ್ಲಿ ಅದು ಹಾಯಾಗಿ ಸಾಗುತ್ತಿತ್ತು. ಹಾಸುಗಲ್ಲು ಹೇರಿದ ಲಾರಿಗಳು ಅಡ್ಡವಾದಾಗ ಬ್ರೇಕಿನ ಮೇಲೆ ಕಾಲಿಟ್ಟೊಡನೆ ಸ್ಟಿಯರಿಂಗು ಕೈಯಲ್ಲಿ ಗಡಗಡನೆ ಅಲುಗುತ್ತಿತ್ತು. ಒಂದು ದಿನ ಶಾಲೆಯ ಮಕ್ಕಳನ್ನು ಸ್ಪರ್ಧೆಯೊಂದಕ್ಕೆ ಕರೆದೊಯ್ಯುತ್ತಿದ್ದಾಗ ಮುಂದಿನ ಲಾರಿ ತಟ್ಟನೆ ನಿಂತಿತು. ನಾವೂ ನಿಂತೆವು, ಆದರೆ ಲಾರಿಗೂ ನಮಗೂ ನಡುವೆ ಉಳಿದದ್ದು ಎರಡೇ ಮಾರು. ‘ಸರ್, ಗಾಡಿಗಿ ಚಳಿಜ್ವರ ಬಂದದೇನ್ರಿ?’ ಎಂದು ಹಿಂದಿನಿಂದ ಹುಡುಗಿಯೊಬ್ಬಳು ಕೇಳಿದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಇದಕ್ಕೆ ಮೊದಲೇ ಒಮ್ಮೆ ಚಿಕಿತ್ಸೆ ನಡೆದಿತ್ತು. ಒಂದು ಗ್ಯಾರೇಜಿನಲ್ಲಿ ‘ಡಿಸ್ಕು ಬೆಂಡಾಗಿದೆ’ ಎಂದು ಹೇಳಿ ಮುಂದಿನ ಎರಡು ಡಿಸ್ಕುಗಳನ್ನೂ ಪ್ಯಾಡುಗಳನ್ನೂ ಬದಲಿಸಿದರು. ಐದು ತಿಂಗಳು ಸುಖವಾಗಿತ್ತು. ಆರನೆಯ ತಿಂಗಳಲ್ಲಿ ನಡುಕ ಮರಳಿತು. ಅಲ್ಲಿಗೇ ಹೋದರೆ ಮತ್ತೆ ಹೊಸ ಡಿಸ್ಕು ಹಾಕಬೇಕೆಂದರು. ಮಾಸ್ತರನ ಸಂಬಳದಲ್ಲಿ ಆರು ತಿಂಗಳಿಗೊಂದು ಜೊತೆ ಡಿಸ್ಕು ನಡೆಯುವ ಮಾತಲ್ಲ. ಹಾಗೆಂದು ಮಕ್ಕಳನ್ನು ಕೂರಿಸಿಕೊಂಡು ನಡುಗುತ್ತ ಹೋಗುವುದೂ ಆಗದು.

ತಾಂಡೂರಿನ ವೃದ್ಧ ಉಸ್ತಾದರೊಬ್ಬರ ಬಳಿಗೆ ಹೋದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಡಂಗಲ್, ತಾಂಡೂರು ತಾಲ್ಲೂಕುಗಳೆರಡೂ ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ಗಡಿ ಸರಿದರೂ ನಾಲಗೆ ಅಷ್ಟು ಬೇಗ ಸರಿಯುವುದಿಲ್ಲವಷ್ಟೆ. ಉಸ್ತಾದರು ಹುಡುಗನಿಗೆ ತೆಲುಗಿನಲ್ಲಿ ಜಾಕು ತರಹೇಳಿ, ನನ್ನನ್ನು ಕನ್ನಡದಲ್ಲಿ ಕೇಳಿದರು: ‘ಮಾಸ್ತರ್ರೆ, ಸ್ಟೇರಿಂಗ್ ನಡಗತದೋ, ಕುಂತ ಸೀಟು ನಡಗತದೋ?’

ಪ್ರಶ್ನೆ ಚಿಕ್ಕದು, ಆದರೆ ಅರ್ಧ ರೋಗನಿದಾನ ಅದರಲ್ಲಿಯೇ ಇದೆ. ಸ್ಟಿಯರಿಂಗು ನಡುಗಿದರೆ ದೋಷವು ಬಹುಮಟ್ಟಿಗೆ ಮುಂದಿನ ಗಾಲಿಗಳದು, ಆಸನ ನಡುಗಿದರೆ ಹಿಂದಿನವುಗಳದು. ಬಯಲಿನಲ್ಲಿ ಕಾರನ್ನು ಮೆಲ್ಲನೆ ಓಡಿಸಿ, ಕೈಬ್ರೇಕಿನ ಗುಂಡಿಯನ್ನು ಒತ್ತಿಹಿಡಿದು ಅದನ್ನು ಹದವಾಗಿ ಎಳೆದು ನೋಡಿದರು. ನಮ್ಮ ಕಾರಿನಲ್ಲಿ ಅದು ಹಿಡಿಯುವುದು ಹಿಂದಿನ ಡ್ರಮ್ಮುಗಳನ್ನು ಮಾತ್ರ. ನಡುಕವಿಲ್ಲ, ಹಿಂದಿನವು ನಿರಪರಾಧಿಗಳು. ಬಳಿಕ ಕಾರನ್ನೆತ್ತಿ ಮುಂದಿನ ಗಾಲಿಗಳನ್ನು ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ಅಲುಗಿಸಿದರು. ಬಾಲ್ ಜಾಯಿಂಟೋ ಬುಷ್ಷೋ ಸವೆದಿದ್ದರೆ ಅತ್ಯಲ್ಪವಾದ ನಡುಕವೂ ದೊಡ್ಡದಾಗಿ ಕೈಗೆ ಬರುತ್ತದೆ. ಅವೂ ಗಟ್ಟಿಯಾಗಿದ್ದವು.

ಗಾಲಿ ಬಿಚ್ಚಿ, ಡಿಸ್ಕನ್ನು ನಟ್ಟುಗಳಿಂದ ಬಿಗಿದು, ಡಯಲ್ ಗೇಜಿನ ಮೊನೆಯನ್ನು ಅದರ ಮುಖಕ್ಕೆ ತಾಗಿಸಿ ಕೈಯಿಂದ ತಿರುಗಿಸಿದರು. ಮುಳ್ಳು 0.2 ಮಿಲಿಮೀಟರಿನಷ್ಟು ತೂಗಾಡಿತು. ಅನೇಕ ಕಾರುಗಳಲ್ಲಿ 0.1 ಮಿಲಿಮೀಟರಿನಷ್ಟು ಓಲಾಟವನ್ನೂ ಒಪ್ಪುವುದಿಲ್ಲ. ಡಿಸ್ಕನ್ನು ತೆಗೆದು ಹಿಂದಿನ ಹಬ್ಬನ್ನು ತೋರಿಸಿದರು. ಅಲ್ಲಿ ತುಕ್ಕಿನ ಒಂದು ದಿಬ್ಬವಿತ್ತು. ‘ಹೊಸ ಡಿಸ್ಕ್ ಹಾಕ್ಯಾರ, ಕುಂಡ್ರೋ ಜಾಗ ಉಜ್ಜಿಲ್ಲ’ ಎಂದರು.

ಉಳಿದುದನ್ನು ಲೆಕ್ಕದಿಂದ ತಿಳಿಯಬಹುದು. ಮೇಲಿನ ತರಗತಿಯ ಮಕ್ಕಳು ಮಾಡಿ ನೋಡಲಿ. ಮಣೆಯ ಕೆಳಗೆ ಕಲ್ಲು ಸಿಕ್ಕಿದಂತೆ ಡಿಸ್ಕು ಓರೆಯಾಗಿ ಕುಳಿತಿದೆ. ಬ್ರೇಕು ಒತ್ತದಿರುವಾಗಲೂ ಪ್ರತಿ ಸುತ್ತಿನಲ್ಲಿ ಅದರ ಒಂದೇ ಸ್ಥಳವು ಪ್ಯಾಡಿಗೆ ಉಜ್ಜುತ್ತದೆ. ಕೆಲವು ಸಾವಿರ ಕಿಲೋಮೀಟರು ಓಡುವಷ್ಟರಲ್ಲಿ ಅಲ್ಲಿ ಲೋಹವು ತೆಳುವಾಗುತ್ತದೆ. ಐದು ತಿಂಗಳ ಸುಖದ ರಹಸ್ಯ ಇದೇ. ಡಿಸ್ಕು ನಿಜವಾಗಿ ಬೆಂಡಾಗುವುದು ಅಪರೂಪ. ಅದರ ದಪ್ಪ ಏರುಪೇರಾಗುವುದೇ ಹೆಚ್ಚು. ಮೈಕ್ರೋಮೀಟರಿನಿಂದ ಎಂಟು ಕಡೆ ಅಳೆದಾಗ ಸಿಕ್ಕ ವ್ಯತ್ಯಾಸ 0.03 ಮಿಲಿಮೀಟರು, ತಲೆಗೂದಲಿನ ದಪ್ಪದ ಅರ್ಧವೂ ಅಲ್ಲ! ಆದರೆ ದಪ್ಪವಾದ ಭಾಗ ಬಂದಾಗ ಪ್ಯಾಡು ಹಿಂದಕ್ಕೆ ತಳ್ಳಲ್ಪಡುತ್ತದೆ, ಅದರ ಬೆನ್ನಿಗಿರುವ ಪಿಸ್ಟನ್ನು ಎಣ್ಣೆಯನ್ನು ತಳ್ಳುತ್ತದೆ. ಮುಚ್ಚಿದ ದ್ರವದ ಒತ್ತಡ ಎಲ್ಲೆಡೆಗೂ ಹರಡುವುದೆಂಬ ಪಾಸ್ಕಲನ ನಿಯಮವನ್ನು ನಾವು ಪಾಠ ಹೇಳುತ್ತೇವಲ್ಲ, ಅದು ಇಲ್ಲಿ ಪೆಡಲಿನ ಮೂಲಕ ಅಂಗಾಲಿಗೆ ಬಂದು ತಟ್ಟುತ್ತದೆ. ಗಾಲಿಯ ಸುತ್ತಳತೆ 1.7 ಮೀಟರು, ವೇಗ ಗಂಟೆಗೆ 80 ಕಿಲೋಮೀಟರು ಎಂದಿಟ್ಟುಕೊಂಡರೆ ಸೆಕೆಂಡಿಗೆ 13 ಪೆಟ್ಟುಗಳಾಗುತ್ತವೆ. (ಗಾಲಿ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆಯುಳ್ಳ ಕಾರುಗಳಲ್ಲಿ ಜೋರಾಗಿ ಬ್ರೇಕು ಒತ್ತಿದಾಗ ಪೆಡಲು ಮಿಡಿಯುವುದು ರೋಗವಲ್ಲ, ಅದರ ಸ್ವಭಾವ.)

ಗುಂಡುತನ ಕೆಟ್ಟ ಡ್ರಮ್ಮುಗಳಿಂದ ಹಳೆಯ ಅಂಬಾಸಿಡರುಗಳೂ ನಡುಗುತ್ತಿದ್ದವು. ಡಿಸ್ಕು ಬೇಗ ತಣಿಯುತ್ತದೆಂಬುದು ಅದರ ಹೆಚ್ಚುಗಾರಿಕೆ. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಜಾಗ್ವಾರ್ ಕಾರು ಗೆದ್ದುದರಲ್ಲಿ ಡಿಸ್ಕ್ ಬ್ರೇಕುಗಳ ಪಾಲು ದೊಡ್ಡದು. ಆದರೆ ಎಂಥ ಡಿಸ್ಕಾದರೂ ಕೂರುವ ಜಾಗ ಚೊಕ್ಕಟವಾಗಿರಬೇಕು.

ಉಸ್ತಾದರು ತಂತಿಯ ಬ್ರಷ್ಷಿನಿಂದಲೂ ಎಮರಿ ಕಾಗದದಿಂದಲೂ ಹಬ್ಬನ್ನು ಬೆಳ್ಳಗಾಗುವವರೆಗೆ ಉಜ್ಜಿದರು. ಡಿಸ್ಕಿನ ಮೇಲೆ ಅಚ್ಚೊತ್ತಿದ ಕನಿಷ್ಠ ದಪ್ಪಕ್ಕಿಂತ ಲೋಹ ಇನ್ನೂ ಸಾಕಷ್ಟು ಉಳಿದಿದ್ದುದರಿಂದ ಲೇತಿನಲ್ಲಿ ಎರಡೂ ಮುಖಗಳನ್ನು ತೆಳುವಾಗಿ ಸವರಿಸಿದರು. ಮರಳಿ ಜೋಡಿಸಿದಾಗ ಮುಳ್ಳು 0.04ರ ಆಚೆ ಹೋಗಲಿಲ್ಲ. ಗಾಲಿಯ ನಟ್ಟುಗಳನ್ನು ಒಂದರ ಪಕ್ಕದ್ದೊಂದರಂತೆ ಬಿಗಿಯದೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ, ಅಳತೆಯ ಪಾನೆಯಿಂದ ಬಿಗಿದರು. ಪಂಕ್ಚರಿನ ಅಂಗಡಿಯಲ್ಲಿ ಉದ್ದನೆಯ ಕೊಳವೆ ಸಿಕ್ಕಿಸಿ ಒಂದೇ ನಟ್ಟಿನ ಮೇಲೆ ನಿಂತು ಕುಣಿದರೂ ಡಿಸ್ಕು ಓರೆಯಾಗುವುದಂತೆ. ಖರ್ಚು ಒಂದು ಹೊಸ ಡಿಸ್ಕಿನ ಬೆಲೆಯನ್ನೂ ಮುಟ್ಟಲಿಲ್ಲ.

ಹೊರಡುವಾಗ ಒಂದು ಪಥ್ಯ ಹೇಳಿದರು: ಐವತ್ತರ ವೇಗದಿಂದ ಹತ್ತಕ್ಕೆ, ಮೆತ್ತಗೆ, ಹತ್ತು ಸಲ ಬ್ರೇಕು ಒತ್ತಬೇಕು, ಪೂರ್ತಿ ನಿಲ್ಲಿಸಕೂಡದು, ಕಾದ ಪ್ಯಾಡು ನಿಂತಲ್ಲೇ ಗುರುತು ಮೂಡಿಸೀತು. ಕೊಡಂಗಲ್ ದಾರಿಯಲ್ಲಿ, ಹಿಂದೆ ಯಾರೂ ಇಲ್ಲದುದನ್ನು ಕನ್ನಡಿಯಲ್ಲಿ ನೋಡಿಕೊಂಡು, ಪಥ್ಯ ಮಾಡಿದೆ. ಸ್ಟಿಯರಿಂಗು ಅಲುಗಲಿಲ್ಲ. ಎಂಟನೆಯ ಸಲಕ್ಕೆ ಎದುರಿನಿಂದ ಕಲ್ಲಿನ ಲಾರಿಯೊಂದು ಬಂದಿತು. ಅದರ ಚಾಲಕ ವೇಗ ತಗ್ಗಿಸಿ, ಕಿಟಕಿಯಿಂದ ತಲೆ ಹೊರಹಾಕಿ, ‘ಗಾಡಿ ಕೆಟ್ಟದೇನ್ರಿ?’ ಎಂದು ಕೇಳಿದ. ‘ಇಲ್ಲಪ್ಪ, ಸುಧಾರಿಸ್ಯದ’ ಎಂದು ಒಂಬತ್ತನೆಯ ಸಲ ಒತ್ತಿದೆ.