40 ನಿಮಿಷದ ಸ್ಕ್ರಿಪ್ಟ್

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ತಾಲೂಕಿನ ಸುದ್ದಿ ಬರೆಯುವುದು ನನ್ನ ಕೆಲಸ. ಬೆಳೆಹಾನಿ ಪರಿಹಾರದ ಪಟ್ಟಿ ಬಂದರೆ ಊರುವಾರು ಬೇರ್ಪಡಿಸಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳಿಸುವುದು ನಾನೇ ಹಚ್ಚಿಕೊಂಡ ಕೆಲಸ.

ಒಮ್ಮೆ ಪಟ್ಟಿ ನನ್ನ ಕೈಗೆ ಸಿಕ್ಕಿದ್ದು ತಕರಾರು ಕೊಡುವ ಕೊನೇ ದಿನ ಮಧ್ಯಾಹ್ನ. ಸುಮಾರು 40 ಸಾವಿರ ಸಾಲು. ಹಳೇ ಲ್ಯಾಪ್‌ಟಾಪಿನ ಲಿನಕ್ಸ್‌ನಲ್ಲಿ ನಾನೇ ಬರೆದಿದ್ದ ಸ್ಕ್ರಿಪ್ಟ್ ಓಡಿಸಿದೆ. ಅದಕ್ಕೆ 40 ನಿಮಿಷ ಬೇಕು. ಬ್ಯಾಟರಿ ನಿಲ್ಲುವುದು ಅರ್ಧ ತಾಸು. ಕರೆಂಟ್ ಮತ್ತೆ ಮತ್ತೆ ಹೋಯಿತು, ಪ್ರತಿ ಸಲವೂ ಮೊದಲಿನಿಂದ ಶುರು. ಪಟ್ಟಿ ಊರು ಮುಟ್ಟಿದಾಗ ಸಂಜೆ 6 ದಾಟಿತ್ತು. ಕಚೇರಿ ಬಾಗಿಲು ಹಾಕಿತ್ತು.

ಮರುದಿನ ಹಾನಗಲ್ ಕಡೆಯ ಅಜ್ಜಾರೊಬ್ಬರ ಫೋನ್. "ತಮ್ಮಾ, ಪಟ್ಟ್ಯಾಗ ನನ್ ಹೆಸರ ಇಲ್ಲ. ನಿನ್ನೆ ಮಧ್ಯಾಹ್ನ ಗೊತ್ತಾಗಿದ್ರ ಹೋಗಿ ಅರ್ಜಿ ಕೊಡ್ತಿದ್ನಿ." ಅವರು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಆ ರಾತ್ರಿ ಸ್ಕ್ರಿಪ್ಟ್ ತೆಗೆದು ಓದಿದೆ. ತಪ್ಪು ಲ್ಯಾಪ್‌ಟಾಪಿನದಲ್ಲ, ನನ್ನದು. ಪ್ರತಿ ಸಾಲಿಗೂ ಊರಿನ ಹೆಸರು ತೆಗೆಯಲು 'ಕಟ್', ಹುಡುಕಲು 'ಗ್ರೆಪ್' ಎಂಬ ಪ್ರೋಗ್ರಾಂಗಳನ್ನು ಹೊಸದಾಗಿ ಎಬ್ಬಿಸುತ್ತಿದ್ದೆ. ಅವು ಮಾಡುವ ಕೆಲಸ ಚಿಟಿಕೆಯಷ್ಟು. ಎಬ್ಬಿಸಿ ಮಲಗಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಒಂದೊಂದು ಮೆಣಸಿನಕಾಯಿಗೂ ಬ್ಯಾಡಗಿ ಪ್ಯಾಟಿಗೆ ಹೋಗಿಬಂದಂಗ.

ಇದಕ್ಕೆ ಮದ್ದು 'ಆಕ್'. 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಅಹೋ, ವೈನ್‌ಬರ್ಗರ್, ಕರ್ನಿಗನ್ ಎಂಬ ಮೂವರು ಮಾಡಿದ್ದು. ಇಂಗ್ಲಿಷಿನಲ್ಲಿ ಅವರ ಹೆಸರಿನ ಮೊದಲಕ್ಷರಗಳೇ ಅದರ ಹೆಸರು. ಒಮ್ಮೆ ಎಬ್ಬಿಸಿದರೆ ಸಾಕು, ಇಡೀ ಪಟ್ಟಿ ಓದಿ, ಪ್ರತಿ ಸಾಲನ್ನೂ ಅದರ ಊರಿನ ಫೈಲಿಗೆ ಹಾಕಿ ಮುಗಿಸುತ್ತದೆ. ಕಮಾಂಡಿನ ಮುಂದೆ 'ಟೈಮ್' ಎಂದು ಸೇರಿಸಿ ಅಳೆದೆ. 5 ಸೆಕೆಂಡ್ ಕೂಡ ಆಗಿರಲಿಲ್ಲ.

ಕೂಡಲೇ ಹಿಗ್ಗಲಿಲ್ಲ. 'ಡಿಫ್' ಕಮಾಂಡಿನಿಂದ ಹಳೇ, ಹೊಸ ಫೈಲುಗಳನ್ನು ಹೋಲಿಸಿದೆ. ಒಂದು ಹೆಸರೂ ಬಿಟ್ಟಿರಲಿಲ್ಲ. ಅವಸರದಲ್ಲಿ ಒಬ್ಬರ ಹೆಸರು ಬಿದ್ದುಹೋದರೆ ಆ ವೇಗ ಯಾತಕ್ಕೆ?

ಈಗ ಪಟ್ಟಿ ಸಿಕ್ಕ ಹತ್ತು ನಿಮಿಷದಲ್ಲಿ ಗುಂಪುಗಳಿಗೆ ಹೋಗುತ್ತದೆ. ನಿಮ್ಮೂರಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಹುಡುಗರಿದ್ದರೆ ಒಂದು ಮಾತು ಹೇಳಿ: ಹೊಸ ಯಂತ್ರ ಕೇಳುವ ಮೊದಲು, ಸ್ಕ್ರಿಪ್ಟ್ ಎಷ್ಟು ಸಲ ಪ್ಯಾಟಿಗೆ ಹೋಗಿಬರುತ್ತಿದೆ ಎಂದು ಎಣಿಸಿ ನೋಡಲಿ.