ಬೈಕಿನ ವಿಮೆಯ ಲೆಕ್ಕ

ಈ ವರ್ಷ ಅಪ್ಪನ ಬೈಕಿನ ವಿಮೆ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂತು. "ಬೆಂಗಳೂರಿನಷ್ಟು ಗಾಡಿಗಳು ನಮ್ಮ ಇಂಡಿಯಲ್ಲಿ ಎಲ್ಲಿವೆ? ಮತ್ತೆ ಇಷ್ಟು ರೊಕ್ಕ ಏಕೆ?" ಎಂದು ಅಪ್ಪ ಕೇಳಿದರು. ಉತ್ತರಕ್ಕಾಗಿ ಪಾಲಿಸಿ ಓದಿದೆ.

ವಿಮೆಯಲ್ಲಿ ಎರಡು ಭಾಗ. ನಮ್ಮ ಬೈಕಿನಿಂದ ಬೇರೆಯವರಿಗೆ ಆದ ಹಾನಿಗೆ ಪರಿಹಾರ ಕೊಡುವುದು ಥರ್ಡ್ ಪಾರ್ಟಿ ವಿಮೆ. 1988ರ ಮೋಟಾರು ವಾಹನ ಕಾಯ್ದೆಯಂತೆ ಇದು ಕಡ್ಡಾಯ. ದರ ನಿಗದಿ ಮಾಡುವುದು ಕೇಂದ್ರ ಸರ್ಕಾರ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂಪಾಯಿ, ಮೇಲೆ ಜಿಎಸ್‌ಟಿ. ಇಂಡಿಗೂ ಬೆಂಗಳೂರಿಗೂ ಒಂದೇ. ನಮ್ಮದೇ ಬೈಕಿನ ಹಾನಿಯ ವಿಮೆ ಮಾತ್ರ ಐಚ್ಛಿಕ. ಬೈಕಿನ ಬೆಲೆ, ವಯಸ್ಸು, ಊರು ನೋಡಿ ಅದರ ದರ ಬದಲಾಗುತ್ತದೆ. ನಮ್ಮದು ಹಳೆಯ ಬೈಕ್, ಅದನ್ನು ಬಿಟ್ಟೆವು.

ಗೆಳೆಯರೇ, ಮುಖ್ಯ ಮಾತು ಮುಂದಿದೆ. ಲೈಸೆನ್ಸ್ ಇಲ್ಲದ ನಾವು ಓಡಿಸಿ ಅಪಘಾತವಾದರೆ, ಕೊಟ್ಟ ಪರಿಹಾರವನ್ನು ಕಂಪನಿ ಮಾಲೀಕರಿಂದಲೇ ವಸೂಲಿ ಮಾಡಬಹುದು. ಓಡಿಸಿದವರಿಗೆ 18 ತುಂಬಿರದಿದ್ದರೆ, 2019ರ ತಿದ್ದುಪಡಿಯಂತೆ ಪಾಲಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಒಂದು ನಿಂಬೆ ತೋಟದ ಮೇಲೆ ನಡೆಯುವ ಮನೆಗೆ ಅದು ತಡೆಯಲಾರದ ಪೆಟ್ಟು. ನನಗಿನ್ನೂ ಹದಿನೇಳು. ಕಾಲೇಜಿಗೆ ಬಸ್ಸೇ ಸಾಕು.