ಜಾರುವ ಸೀಟು, ಮುರಿಯುವ ಬೋಲ್ಟು

ಸೈಕಲ್ಲಿಗೆ ಬೆಲ್ ಇಲ್ಲದಿದ್ದರೆ ಬಾಯಲ್ಲೇ ಕೂಗಿಕೊಂಡು ಹೋಗಬಹುದು. ಮಡ್‌ಗಾರ್ಡ್ ಇಲ್ಲದಿದ್ದರೆ ಬೆನ್ನಿಗೆ ಕೆಸರು ಸಿಡಿದೀತು, ಅಷ್ಟೇ. ಆದರೆ ಸೀಟು ನಿಂತಲ್ಲಿ ನಿಲ್ಲದಿದ್ದರೆ ಬಹಳ ಕಷ್ಟ. ಮನೆ ಬಿಡುವಾಗ ಸರಿಯಾಗಿದ್ದ ಸೀಟು ಶಾಲೆ ಮುಟ್ಟುವ ಹೊತ್ತಿಗೆ ನಾಲ್ಕು ಬೆರಳು ಕೆಳಗಿಳಿದಿರುತ್ತದೆ. ಮೊಣಕಾಲು ಎದೆಗೆ ತಾಗುವಂತೆ ತುಳಿಯಬೇಕು. ಬಿಗಿ ಮಾಡೋಣವೆಂದು ಸ್ಪ್ಯಾನರ್ ತಿರುಗಿಸಿದರೆ ‘ಟಕ್’ ಎಂದು ಬೋಲ್ಟೇ ಮುರಿಯುತ್ತದೆ. ಸೈಕಲ್ ತುಳಿದ ಅಜ್ಜಂದಿರಿಗೆಲ್ಲ ಈ ಸಂಕಟ ಗೊತ್ತು. ಈಗ ತುಳಿಯುತ್ತಿರುವ ಮೊಮ್ಮಕ್ಕಳಿಗೂ ಗೊತ್ತಾಗುತ್ತಿದೆ.

ನಾನು ಬಿ.ಕಾಂ. ಮುಗಿಸಿ 1974ರಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಎಲ್ಲ ಸುತ್ತಿ ಚಿಕ್ಕಬಳ್ಳಾಪುರದಲ್ಲಿ ನಿವೃತ್ತನಾದೆ. ಆಗ ಇವೆಲ್ಲ ಕೋಲಾರ ಜಿಲ್ಲೆಯ ತಾಲ್ಲೂಕುಗಳು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಶಿಡ್ಲಘಟ್ಟದ ದಿನಗಳಲ್ಲಿ ನನ್ನ ಬಾಡಿಗೆ ಮನೆಯ ಮುಂದೆಯೇ ರೈತರು ರೇಷ್ಮೆ ಗೂಡಿನ ಮೂಟೆಯನ್ನು ಕ್ಯಾರಿಯರ್ ಮೇಲೆ ಕಟ್ಟಿಕೊಂಡು ಮಾರುಕಟ್ಟೆಗೆ ಹೋಗುತ್ತಿದ್ದರು. ಗೂಡನ್ನು ಅದುಮುವಂತಿಲ್ಲ, ಮಾರಲು ತಡ ಮಾಡುವಂತೆಯೂ ಇಲ್ಲ. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಎಳೆ ತುಂಡಾಗುತ್ತದೆ. ಅಂಥ ಹೊತ್ತಿನಲ್ಲಿ ದಾರಿ ಮಧ್ಯೆ ಸೀಟು ಕುಸಿದರೆ ರೈತನ ಮುಖ ನೋಡಲಾಗುತ್ತಿರಲಿಲ್ಲ.

ಅಲ್ಲಿ ಒಬ್ಬ ಸಾಬರ ಸೈಕಲ್ ಶಾಪ್ ಇತ್ತು. ಭಾನುವಾರ ನಾನು ಅಲ್ಲೇ ಒಂದು ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಅವರು ಮೊದಲು ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಎರಡು ನಿಮಿಷ ಸುಮ್ಮನೆ ನೋಡುತ್ತಿದ್ದರು. “ಬೋಲ್ಟ್ ಸೀಟನ್ನ ಹೊರೋದಿಲ್ಲ ಸಾರ್, ಬರೀ ಹಿಡಿಯುತ್ತೆ” ಎನ್ನುತ್ತಿದ್ದರು. ಆ ಮಾತಿನ ಅರ್ಥ ಮೊನ್ನೆ ಮೊನ್ನೆ ಒಂದು ಮಗುವಿಗೆ ಬಿಡಿಸಿ ಹೇಳುವ ಸಂದರ್ಭ ಬಂತು.

ನಮ್ಮ ಎದುರುಮನೆಯ ಹುಡುಗಿ ಹತ್ತನೇ ತರಗತಿ. ಶಾಲೆ ನಾಲ್ಕು ಕಿಲೋಮೀಟರ್ ದೂರ. ಸೈಕಲ್ಲು ಅಕ್ಕನಿಂದ ಬಂದದ್ದು. ಮೂರು ವಾರದಲ್ಲಿ ಮೂರು ಬೋಲ್ಟು ಮುರಿದಿದ್ದವು. ಮೂರನೆಯದು ಇಳಿಜಾರಿನ ಹಂಪ್ ಮೇಲೆ ಮುರಿದು, ಸೀಟು ಧಡ್ಡನೆ ಕುಸಿದು, ಅವಳು ಬಿದ್ದು ಎರಡೂ ಅಂಗೈ ತರಚಿಕೊಂಡಿದ್ದಳು. ರೀಲಿಂಗ್ ಕೆಲಸ ಮುಗಿಸಿ ಬಂದ ತಾಯಿ ಹೆದರಿ, “ಇನ್ನು ಸೈಕಲ್ಲೂ ಬೇಡ, ಸಂಜೆಯ ಸ್ಪೆಷಲ್ ಕ್ಲಾಸೂ ಬೇಡ” ಎಂದುಬಿಟ್ಟರು. ಆ ಹೊತ್ತಿಗೆ ಆ ದಾರಿಯಲ್ಲಿ ಬಸ್ಸಿಲ್ಲ. ಸ್ಪೆಷಲ್ ಕ್ಲಾಸ್ ಗಣಿತದ್ದು, ಇವಳಿಗೆ ಕಷ್ಟವಾಗಿದ್ದದ್ದೂ ಗಣಿತವೇ. ಪರೀಕ್ಷೆಗೆ ಉಳಿದಿದ್ದು ನಾಲ್ಕು ತಿಂಗಳು.

“ತಾತ, ಅಂಗಡಿಯವರು ಪ್ರತಿ ಸಲ ಹೊಸ ಬೋಲ್ಟ್ ಹಾಕಿ ಗಟ್ಟಿಯಾಗಿ ತಿರುಗಿಸ್ತಾರೆ. ಆದ್ರೂ ಜಾರುತ್ತೆ” ಎಂದಳು.

“ಹಾಗಾದ್ರೆ ತಪ್ಪು ಬೋಲ್ಟಿನದಲ್ಲ ಕಣಮ್ಮ. ಎಲ್ಲಿದೆ ಅಂತ ಹುಡುಕೋಣ ಬಾ” ಎಂದೆ.

ಮಕ್ಕಳೇ, ಮೊದಲು ಸೀಟು ಹೇಗೆ ನಿಲ್ಲುತ್ತದೆ ನೋಡಿ. ಸೀಟಿನ ಕೆಳಗಿನ ಪೈಪು ಫ್ರೇಮಿನ ಕೊಳವೆಯೊಳಗೆ ಇಳಿದಿರುತ್ತದೆ. ಕೊಳವೆಯ ಬಾಯಿ ಸೀಳಿದ್ದು, ಸೀಳಿನ ಎರಡೂ ಬದಿಗೆ ಕಿವಿಯಂತೆ ಎರಡು ಭಾಗ ಇರುತ್ತವೆ. ಬೋಲ್ಟು ಆ ಎರಡು ಕಿವಿಗಳನ್ನು ಹತ್ತಿರ ಎಳೆಯುತ್ತದೆ. ಆಗ ಕೊಳವೆ ಪೈಪನ್ನು ಅಪ್ಪಿ ಹಿಡಿಯುತ್ತದೆ. ನಮ್ಮ ಭಾರವನ್ನು ನಿಲ್ಲಿಸುವುದು ಆ ಹಿಡಿತದ ಘರ್ಷಣೆ. ಅಮ್ಮ ಇಕ್ಕಳದಲ್ಲಿ ಬಿಸಿ ಪಾತ್ರೆ ಹಿಡಿಯುವ ಹಾಗೆ. ಪಾತ್ರೆಯ ಅಂಚಿಗೆ ಎಣ್ಣೆ ಮೆತ್ತಿದ್ದರೆ ಎಷ್ಟು ಒತ್ತಿದರೂ ಜಾರುತ್ತದಲ್ಲ, ಇಲ್ಲಿಯೂ ಅದೇ.

ನಾವು ಪೈಪನ್ನು ಹೊರಗೆಳೆದೆವು. ಕೈಗೆ ಜಿಡ್ಡು ಹತ್ತಿತು. ಮೂಸಿ ನೋಡಿದರೆ ಕೊಬ್ಬರಿ ಎಣ್ಣೆ! ಕಿರ್ ಕಿರ್ ಶಬ್ದ ಬರುತ್ತದೆಂದು ಅವಳ ಅಜ್ಜಿ ಪ್ರೀತಿಯಿಂದ ಬಿಟ್ಟಿದ್ದರು. ಪೈಪನ್ನೂ ಕೊಳವೆಯ ಬಾಯನ್ನೂ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಒಣಬಟ್ಟೆಯಿಂದ ಒರೆಸಿ, ಬಿಸಿಲಿಗೆ ಇಟ್ಟೆವು.

ಒಂದು ಕಾರಣ ಸಿಕ್ಕಿತು. ಆದರೆ ಬೋಲ್ಟು ಮುರಿಯುವುದೇಕೆ? ಮುರಿದ ತುಂಡನ್ನು ಬಿಸಿಲಿಗೆ ಹಿಡಿದು ನೋಡಲು ಹೇಳಿದೆ. ಮುರಿದ ಮುಖದಲ್ಲಿ ಒಂದು ಭಾಗ ತುಕ್ಕು ಹಿಡಿದು ಕಪ್ಪಾಗಿತ್ತು, ಉಳಿದದ್ದು ಹೊಳೆಯುತ್ತಿತ್ತು. ಕಪ್ಪು ಭಾಗ ಮೊದಲೇ ಬಿರುಕು ಬಿಟ್ಟಿದ್ದ ಜಾಗ, ಹೊಳೆಯುವುದು ಕೊನೆಯ ದಿನ ಮುರಿದ ಜಾಗ. ನಮ್ಮ ಬ್ಯಾಂಕ್ ಭಾಷೆಯಲ್ಲಿ ಹೇಳುವುದಾದರೆ ಅದು ಆ ದಿನದ ಸಾಲವಲ್ಲ, ಹಳೆಯ ಬಾಕಿ.

ಆಮೇಲೆ ಬೋಲ್ಟು ಹಾಕಿ ಬಿಗಿ ಮಾಡುತ್ತ ಎರಡು ಕಿವಿಗಳನ್ನು ನೋಡಿದೆವು. ಅವು ಒಂದಕ್ಕೊಂದು ಪೂರ್ತಿ ಅಂಟಿಕೊಂಡವು. ಪೈಪು ಮಾತ್ರ ಇನ್ನೂ ಅಲ್ಲಾಡುತ್ತಿತ್ತು. ಗುಟ್ಟು ಅಲ್ಲಿತ್ತು. ಕಿವಿಗಳು ಕೂಡಿದ ಮೇಲೆ ಕೊಳವೆ ಇನ್ನಷ್ಟು ಅಪ್ಪಲಾರದು. ಅಲ್ಲಿಂದ ಮುಂದೆ ಎಷ್ಟು ತಿರುಗಿಸಿದರೂ ಆ ಶಕ್ತಿಯೆಲ್ಲ ಬೋಲ್ಟನ್ನು ಎಳೆದು ಎಳೆದು ಸಾಯಿಸುತ್ತದೆ. ವಿಚಾರಿಸಿದರೆ, ಅಕ್ಕನ ಕಾಲದಲ್ಲೇ ಹಳೆಯ ಪೈಪು ಬಾಗಿ, ಬೇರೆ ಸೈಕಲ್ಲಿನದನ್ನು ಹಾಕಿಸಿದ್ದರಂತೆ. ಕಣ್ಣಿಗೆ ಒಂದೇ ಥರ. ಅಳತೆಯಲ್ಲಿ ಕೂದಲೆಳೆಯಷ್ಟು ಸಣ್ಣ.

ಸರಿಯಾದ ಅಳತೆಯ ಪೈಪು ಹಾಕುವುದು ಉತ್ತಮ ದಾರಿ. ಸಂದು ತೀರ ಕಡಿಮೆಯಿದ್ದರೆ ಸಾಬರ ಉಪಾಯವೂ ಇದೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪ. ಅದರಿಂದ ಎರಡು ಅಂಗುಲ ಅಗಲದ ಪಟ್ಟಿ ಕತ್ತರಿಸಿ ಪೈಪಿನ ಸುತ್ತ ಒಂದೇ ಸುತ್ತು, ತುದಿಗಳು ಒಂದರ ಮೇಲೊಂದು ಬರದಂತೆ ಸುತ್ತಬೇಕು. ಮೇಲಿನ ಅಂಚನ್ನು ಸ್ವಲ್ಪ ಹೊರಗೆ ಮಡಿಸಿದರೆ ಪಟ್ಟಿ ಕೊಳವೆಯೊಳಗೆ ಜಾರಿ ಬೀಳದು. ತಗಡು ಕತ್ತರಿಸುವ ಕೆಲಸ ದೊಡ್ಡವರದು. ಅಂಚು ಬ್ಲೇಡಿನಂತೆ ಹರಿತ. ನಾನು ಕತ್ತರಿಸಿ ಅರದಿಂದ ಉಜ್ಜಿಕೊಟ್ಟೆ, ಸುತ್ತಿದ್ದು ಅವಳು.

ಹೊಸ ಬೋಲ್ಟು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ದು, ಅದೇ ದಪ್ಪ, ಅದೇ ಉದ್ದದ್ದು ತಂದೆವು. ಎಣ್ಣೆ ಬೇಕಾದರೆ ಬೋಲ್ಟಿನ ಮರೆಗೆ ಒಂದು ಹನಿ, ಪೈಪಿಗೆ ಮಾತ್ರ ಬೇಡ. ಸ್ಪ್ಯಾನರ್ ಹಿಡಿಗೆ ಉದ್ದದ ಕೊಳವೆ ಸಿಕ್ಕಿಸಿ ಜೋರು ತೋರಿಸುವುದೂ ಬೇಡ. ಈ ಬಾರಿ ಬಿಗಿ ಮಾಡಿದಾಗ ಎರಡು ಕಿವಿಗಳ ನಡುವೆ ತೆಳ್ಳನೆಯ ಸಂದು ಉಳಿಯಿತು. ಅಂದರೆ ಕೊಳವೆ ಪೈಪನ್ನು ನಿಜವಾಗಿ ಹಿಡಿದಿದೆ.

ಎತ್ತರದ ಲೆಕ್ಕವೂ ಇದೆ. ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಅದಕ್ಕಿಂತ ಏರಿಸಬಾರದು. ಪೈಪಿನ ಮೇಲೆ ಮಿತಿಯ ಗೆರೆ ಇದ್ದರೆ ಅದು ಕಾಣುವಷ್ಟು ಮೇಲೆತ್ತಬಾರದು. ಗೆರೆ ಇಲ್ಲದಿದ್ದರೆ ಎರಡೂವರೆ ಅಂಗುಲವಾದರೂ ಒಳಗಿರಲಿ. ಕೊನೆಗೆ ಪೈಪು ಫ್ರೇಮಿಗೆ ಸೇರುವ ಜಾಗದಲ್ಲಿ ಅವಳು ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಸೀಟು ಇಳಿದರೆ ಗೆರೆ ಮಾಯವಾಗುತ್ತದೆ.

ತಾಯಿ ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ತಾವೇ ಆ ಸೈಕಲ್ ಹತ್ತಿ ಬೀದಿಯ ಕೊನೆಯವರೆಗೆ ಎರಡು ಸುತ್ತು ಹೊಡೆದು, ಹಂಪ್ ಮೇಲೂ ಇಳಿಸಿ ನೋಡಿ, ಗೆರೆ ಅಲ್ಲೇ ಇದೆಯೆಂದು ಬಗ್ಗಿ ಪರೀಕ್ಷಿಸಿದರು. “ಸರಿ, ಹೋಗು. ಕತ್ತಲಾಗೋದರೊಳಗೆ ಬಾ” ಎಂದರು. ಹುಡುಗಿ ಅಂದು ಸಂಜೆಯೇ ಸ್ಪೆಷಲ್ ಕ್ಲಾಸಿಗೆ ಹೋದಳು.

2006–07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ನಮ್ಮ ಕಡೆಯ ಹಳ್ಳಿ ರಸ್ತೆಗಳಲ್ಲಿ ಹೆಣ್ಣುಮಕ್ಕಳ ಸೈಕಲ್ ಸಾಲು ನೋಡುವುದೇ ಒಂದು ಹಬ್ಬವಾಗಿತ್ತು. ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಇಳಿದು ಬಂದ ಹಳೆಯ ಸೈಕಲ್ಲುಗಳು ಈಗಲೂ ಎಷ್ಟೋ ಮನೆಗಳಲ್ಲಿವೆ. ಹತ್ತು ಇಪ್ಪತ್ತು ರೂಪಾಯಿಯ ಬೋಲ್ಟಿನಿಂದಾಗಿ ಒಂದು ಮಗುವಿನ ಓದು ನಿಲ್ಲಬಾರದು.

ನಮ್ಮ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೇಳಿ ಮಕ್ಕಳು ಸೆಪ್ಟೆಂಬರ್ 15ರಂದು ಭಾಷಣ ಮಾಡುತ್ತಾರೆ. ಒಳ್ಳೆಯದೇ. ಆದರೆ ಅಳತೆ ನೋಡುವುದನ್ನು ಕಲಿಯಲು ಅಣೆಕಟ್ಟೇ ಬೇಕಿಲ್ಲ, ಮನೆಯ ಸೈಕಲ್ಲೂ ಸಾಕು. ಅಜ್ಜ ಅಜ್ಜಿಯರೇ, ಈ ಭಾನುವಾರ ಮೊಮ್ಮಕ್ಕಳನ್ನು ಕರೆದು ಅವರ ಸೈಕಲ್ಲಿನ ಸೀಟು ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಅಲ್ಲಾಡಿದರೆ ಪೈಪು ಹೊರಗೆ ತೆಗೆದು ಒರೆಸಿ, ಕಿವಿಗಳ ಸಂದು ನೋಡಿ. ಸ್ಪ್ಯಾನರ್ ಮಗುವಿನ ಕೈಯಲ್ಲಿರಲಿ.